ಗಾಡಿ ಕುದಿಯುತ್ತದೆಯೆ? ಥರ್ಮೋಸ್ಟಾಟ್ ಕಿತ್ತೊಗೆಯುವ ಮುನ್ನ ಒಂದು ಮಾತು

ತಂಬೂರ: ಮುಂಜಾನೆಯ ಹೊತ್ತು. ಕಲಘಟಗಿ ಕಡೆ ಹೋಗುವ ಬಸ್ಸು ಬಾಗಿಲವರೆಗೂ ತುಂಬಿ ಹೋಗಿರುತ್ತದೆ. ಉಳಿದವರು ಹಳೇ ಡೀಸೆಲ್ ಗಾಡಿಯೊಂದರಲ್ಲಿ ಒತ್ತಿಕೊಂಡು ಕೂಡುತ್ತಾರೆ. ಊರು ದಾಟಿ ಎರಡು ಮೈಲಿ ಹೋಗುವುದರೊಳಗೆ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ. ಗಾಡಿ ನಿಲ್ಲುತ್ತದೆ.

“ಯಾಕೋ ತಮ್ಮಾ, ಯಾಕ ನಿಂದ್ರಿಸಿದಿ?”

“ಹೀಟ್ ಆಗೇತ್ರೀ ಕಾಕಾ. ಒಂದ್ ಹತ್ತ ಮಿನಿಟ ತಡೀರಿ.”

ಆ ಹತ್ತು ಮಿನಿಟು ಒಂದು ತಾಸಾಗುವುದನ್ನು ಈ ಭಾಗದ ಪ್ರಯಾಣಿಕರು ಬಲ್ಲರು. ಅಂಗಡಿಕಾರನ ಬಾಗಿಲು ತಡವಾಗಿ ತೆರೆಯುತ್ತದೆ, ಕೂಲಿಯವನ ಅರ್ಧ ದಿನ ಹೋಗುತ್ತದೆ. ಅದೇ ಗಾಡಿ ರಾತ್ರಿ ಹೊತ್ತು ದಿನ ತುಂಬಿದ ಹೆಂಗಸನ್ನು ಹುಬ್ಬಳ್ಳಿ ಆಸ್ಪತ್ರೆಗೆ ಒಯ್ಯುತ್ತಿದ್ದರೆ? ಆಗ ಇದು ನಗುವ ಮಾತಾಗಿ ಉಳಿಯುವುದಿಲ್ಲ.

ಹಳೇ ಗಾಡಿ, ಹಳೇ ಮದ್ದು

1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ರಸ್ತೆಗಿಳಿಯಿತು. 1994ರಲ್ಲಿ ಟಾಟಾ ಸುಮೋ, 1998ರಲ್ಲಿ ಇಂಡಿಕಾ, 2000ದಲ್ಲಿ ಬೊಲೆರೊ ಬಂದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಇಂಡಿಕಾ, ಸುಮೋಗಳ ತಯಾರಿಕೆಯೂ ಮುಗಿದಿದೆ. ಆದರೆ ಹಳ್ಳಿಯ ದುಡಿಮೆಯಲ್ಲಿ ಗಾಡಿಗೆ ನಿವೃತ್ತಿ ಎಲ್ಲಿಯದು? ಕೈಯಿಂದ ಕೈಗೆ ದಾಟಿ ಅವು ಇನ್ನೂ ಓಡುತ್ತಿವೆ.

ಇಂಥ ಗಾಡಿ ಕುದಿಯಿತೆಂದು ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಸಿಗುವ ಮದ್ದು ಒಂದೇ: “ಆ ಥರ್ಮೋಸ್ಟಾಟ್ ತಗದ ಒಗೀರಿ ಅಣ್ಣಾರ. ಅದು ಥಂಡಿ ದೇಶದವರಿಗೆ. ನಮ್ಮ ಕಡೆ ಸೆಕಿಗೆ ಅದೇನ್ ಬೇಕಾಗಂಗಿಲ್ಲ.”

ಮಾಲೀಕ ಹೂಂ ಎನ್ನುತ್ತಾನೆ. ನಾಲ್ಕು ದಿನ ಗಾಡಿ ಕುದಿಯುವುದೂ ಇಲ್ಲ. ಐದನೆಯ ದಿನ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು, ಅಂಕೋಲೆಯಿಂದ ಲೋಡು ಹಾಕಿಕೊಂಡು ಮರಳಿ ಏರುವಾಗ ಮತ್ತೆ ಅದೇ ಹಬೆ!

ಒಳಗೆ ಇರುವುದೇನು?

ಥರ್ಮೋಸ್ಟಾಟ್ ಎಂಬುದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕವಾಟ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರಿನ ದಾರಿ ಕಾಯುವ ಬಾಗಿಲು ಅದು. ಅದರ ಹೊಟ್ಟೆಯಲ್ಲಿ ಇರುವುದು ಮೇಣ. ನೀರು ಕಾದರೆ ಮೇಣ ಕರಗಿ ಹಿಗ್ಗುತ್ತದೆ, ಒಳಗಿನ ಕಡ್ಡಿಯನ್ನು ನೂಕುತ್ತದೆ, ಬಾಗಿಲು ತೆರೆಯುತ್ತದೆ. ನೀರು ತಣಿದರೆ ಸ್ಪ್ರಿಂಗು ಬಾಗಿಲನ್ನು ಮತ್ತೆ ಮುಚ್ಚುತ್ತದೆ. ವಾಯರು ಇಲ್ಲ, ಕರೆಂಟು ಇಲ್ಲ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಎಂಬಾತ ರೂಪಿಸಿದ ಉಪಾಯವಿದು.

ಬಾಗಿಲು ತೆರೆಯುವ ಬಿಸಿ ಸಾಮಾನ್ಯವಾಗಿ 80ರಿಂದ 88 ಡಿಗ್ರಿ. ಎಷ್ಟೆಂಬುದು ಅದರ ಮೈಮೇಲೆಯೇ ಒತ್ತಿರುತ್ತದೆ. ಇಲ್ಲೇ ಗಮನಿಸಬೇಕಾದ ಸಂಗತಿ: ಹೊರಗಿನ ಸೆಕೆ 38 ಡಿಗ್ರಿ ಇದ್ದರೂ ಎಂಜಿನ್ನಿಗೆ ಬೇಕಾದದ್ದು 80ಕ್ಕೂ ಮೇಲೆ. ಹಾಗಾಗಿ “ನಮ್ಮ ಸೆಕಿಗೆ ಬೇಕಾಗಂಗಿಲ್ಲ” ಎಂಬ ಮಾತಿಗೆ ಬುಡವಿಲ್ಲ.

ಡೀಸೆಲ್ ಎಂಜಿನ್ನು ಕಿಡಿಯಿಂದ ಉರಿಯುವುದಲ್ಲ, ಒತ್ತಿದ ಗಾಳಿಯ ಕಾವಿನಿಂದ ಉರಿಯುವುದು. ಮೈ ತಣ್ಣಗಿದ್ದರೆ ಡೀಸೆಲ್ ಅರೆಬರೆ ಉರಿಯುತ್ತದೆ, ಹೊಗೆ ಬರುತ್ತದೆ, ಮೈಲೇಜು ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸಿಲಿಂಡರು ಸವೆಯುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಈ ಕವಾಟ ತೆರೆದಾಗ ಅದರ ತಳದ ತಟ್ಟೆ ಒಳಗಿನ ಅಡ್ಡದಾರಿಯೊಂದನ್ನು ಮುಚ್ಚಬೇಕು. ಕವಾಟವನ್ನೇ ಕಿತ್ತರೆ ಆ ಅಡ್ಡದಾರಿ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ತಣ್ಣಗಾಗಲೆಂದು ಕಿತ್ತರೆ ಇನ್ನಷ್ಟು ಕುದಿಯಿತು!

ಯಾವಾಗ ಕುದಿಯುತ್ತದೆ, ಮೊದಲು ಹೇಳಿ

ವೈದ್ಯರು “ಜ್ವರ ಯಾವ ಹೊತ್ತಿಗೆ ಬರ್ತದ?” ಎಂದು ಕೇಳುವುದಿಲ್ಲವೆ? ಗಾಡಿಗೂ ಅದೇ ಪ್ರಶ್ನೆ.

ಹೊರಟ ಐದು-ಹತ್ತು ಮಿನಿಟಿನಲ್ಲೇ ಮುಳ್ಳು ಮೇಲೇರಿದರೆ, ಎಂಜಿನ್ನು ಕಾದಿದ್ದರೂ ಮೇಲಿನ ಹೋಸ್ ಪೈಪು, ರೇಡಿಯೇಟರು ತಣ್ಣಗೇ ಇದ್ದರೆ, ಥರ್ಮೋಸ್ಟಾಟ್ ಮುಚ್ಚಿಕೊಂಡು ಹಿಡಿದಿದೆ ಎಂದು ಅನುಮಾನಿಸಬಹುದು. ನೀರು ಕಡಿಮೆ ಇದ್ದರೂ, ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಮೊದಲು ಅವೆರಡನ್ನು ನೋಡಬೇಕು.

ಬಸ್ ನಿಲ್ದಾಣದ ಗದ್ದಲದಲ್ಲಿ ನಿಂತಾಗ ಕುದಿದು, ಹೆದ್ದಾರಿಗೆ ಬಿದ್ದೊಡನೆ ತಣಿದರೆ ತಪ್ಪು ಫ್ಯಾನಿನದು. ಬೆಲ್ಟು ಸಡಿಲಾಗಿರಬಹುದು. ಕರೆಂಟಿನ ಫ್ಯಾನಾದರೆ ಅದರ ಸ್ವಿಚ್ಚು ಕೆಟ್ಟಿರಬಹುದು.

ಸಪಾಟು ರಸ್ತೆಯಲ್ಲಿ ಸುಮ್ಮನಿದ್ದು ಲೋಡು, ಏರು ಬಂದಾಗ ಕುದಿದರೆ ರೇಡಿಯೇಟರು ಕಟ್ಟಿರುವುದೇ ಹೆಚ್ಚು. ಸುಗ್ಗಿಯಲ್ಲಿ ಭತ್ತ, ಗೋವಿನಜೋಳದ ಹೊಟ್ಟು ಹಾರಿ ಜಾಲಿಯ ಸಂದಿಯಲ್ಲಿ ಕೂಡುತ್ತದೆ. ಒಳಗೆ ಕಟ್ಟುವುದು ಬೋರಿನ ನೀರಿನ ಬಿಳಿ ಪದರ. ನೀರೊಲೆಯ ಹಂಡೆಯ ಒಳಮೈ ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಥರ್ಮೋಸ್ಟಾಟ್ ಕಿತ್ತಾಗ ನಾಲ್ಕು ದಿನ ಗುಣ ಕಂಡದ್ದು ಇಂಥ ಗಾಡಿಯಲ್ಲೇ. ಅರೆಕಟ್ಟಿದ ರೇಡಿಯೇಟರಿಗೆ ಮೊದಲಿನಿಂದಲೇ ನೀರು ಹರಿದು ಕುದಿಯುವುದು ತಡವಾಯಿತು, ರೋಗ ಒಳಗೇ ಉಳಿಯಿತು.

ನೆಲದ ಮೇಲೆ ಒಂದು ಹನಿ ಸೋರದಿದ್ದರೂ ದಿನಾ ನೀರು ಕಡಿಮೆಯಾದರೆ ಎಚ್ಚರ! ತಣ್ಣಗಿನ ಎಂಜಿನ್ನು ಚಾಲೂ ಮಾಡಿದ ಮಿನಿಟಿನಲ್ಲೇ ಹೋಸು ಕಲ್ಲಿನಂತಾದರೆ, ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಎದ್ದರೆ, ಆಯಿಲ್ ಹಾಲು ಬೆರೆಸಿದ ಚಹಾದಂತಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸೂಚನೆ. ಆಗ ಗಾಡಿ ಓಡಿಸಲೇಬಾರದು.

ಪಾತೇಲಿಯಲ್ಲಿ ಪರೀಕ್ಷೆ

ಥರ್ಮೋಸ್ಟಾಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಚಹಾದ ಅಂಗಡಿಯಲ್ಲೂ ನೋಡಬಹುದು. ಹಳೇ ಪಾತೇಲಿಯೊಂದರಲ್ಲಿ ನೀರು ಕಾಯಲಿಟ್ಟು, ದಾರ ಕಟ್ಟಿ, ತಳ ಮುಟ್ಟದಂತೆ ಅದನ್ನು ಇಳಿಬಿಡಬೇಕು. ತಣ್ಣಗಿರುವಾಗ ಬಾಗಿಲು ಬಿಗಿಯಾಗಿ ಮುಚ್ಚಿರಬೇಕು. ನಮ್ಮ ಈ ಎತ್ತರದ ಸೀಮೆಯಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಆದ್ದರಿಂದ ನೀರು ಮರಳುವ ಮುಂಚೆಯೇ ಬಾಗಿಲು ತೆರೆಯಲು ಆರಂಭಿಸಬೇಕು, ಹೊರಗೆ ತೆಗೆದಿಟ್ಟರೆ ಮತ್ತೆ ಮುಚ್ಚಬೇಕು. ಎರಡರಲ್ಲಿ ಒಂದು ಆಗದಿದ್ದರೂ ಹೊಸದು ಹಾಕಿಸಿ. ಅದೇ ಡಿಗ್ರಿಯದನ್ನೇ ಕೇಳಿ ತನ್ನಿ, ಮೇಣದ ಬದಿ ಎಂಜಿನ್ನಿನ ಕಡೆಗಿರಲಿ. ಖರ್ಚು ಕೆಲವು ನೂರು ರೂಪಾಯಿ. ಹೆಡ್ಡು ಸೊಟ್ಟಗಾದರೆ ಹತ್ತಾರು ಸಾವಿರ. ಸಾಲದ ಕಂತು ಕಟ್ಟುವ ಮನೆಗೆ ಈ ಲೆಕ್ಕ ಸಣ್ಣದಲ್ಲ.

ಮುಚ್ಚಳಕ್ಕೆ ಕೈ ಹಾಕಬೇಡಿ

ರೇಡಿಯೇಟರಿನ ಮುಚ್ಚಳವೂ ಬರೀ ಮುಚ್ಚಳವಲ್ಲ. ಅದು ಒಳಗೆ ಒತ್ತಡ ಹಿಡಿಯುತ್ತದೆ. 0.9 ಎಂದು ಬರೆದ ಮುಚ್ಚಳ ಸರಿಯಿದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿವರೆಗೂ ಕುದಿಯದು. ಕಾದ ಗಾಡಿಯ ಮುಚ್ಚಳ ತಿರುವಿದೊಡನೆ ಆ ಒತ್ತಡ ಹೋಗಿ, ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಮುಖ, ಕಣ್ಣು ಸುಟ್ಟುಕೊಳ್ಳುವುದು ಹೀಗೆಯೇ. ಎಂಜಿನ್ನು ಬಂದು ಮಾಡಿ ಕನಿಷ್ಠ ಅರ್ಧ ತಾಸು ಬಿಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಸೀಳಬಹುದು. ತಣಿದ ಮೇಲೆ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲಗೆ ತೆಗೆದು, ನೀರನ್ನು ಸಾವಕಾಶ ಹಾಕಿ.

ಆ ನೀರಾದರೂ ಎಂಥದು? ನವಲಗುಂದದ ಕಡೆಯ ಸವಳು ನೀರಿರಲಿ, ಕಲಘಟಗಿ ಕಡೆಯ ಬೋರಿನ ನೀರಿರಲಿ, ದಾರಿಯಲ್ಲಿ ನಿಂತಾಗ ಆಪತ್ತಿಗೆ ಸರಿ, ದಿನದ ಬಳಕೆಗೆ ಬೇಡ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿಗೆ, ಡಬ್ಬಿಯ ಮೇಲೆ ಹೇಳಿದಷ್ಟು ಕೂಲಂಟ್ ಬೆರೆಸಿ ಹಾಕಿದರೆ ಒಳಗೆ ತುಕ್ಕು ಹಿಡಿಯದು, ಪದರವೂ ಕಟ್ಟದು.

ಪ್ರಯಾಣಿಕರಿಗೂ ಒಂದು ಮಾತು. ಚಾಲಕ ಗಾಡಿ ಬದಿಗೆ ಹಾಕಿದಾಗ “ಲಗೂ ನಡಿಯಪಾ, ತಡಾ ಆತು” ಎಂದು ಅವಸರಪಡಿಸಬೇಡಿ. ಆ ಅರ್ಧ ತಾಸು ನಿಂತರೆ ನಾಳೆಯೂ ಆ ಗಾಡಿ ಬಂದೀತು. ಮಾಲೀಕರಾದವರು ನಾಳೆ ಗ್ಯಾರೇಜಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: “ಮಿಸ್ತ್ರಿ, ನಮ್ಮ ಗಾಡ್ಯಾಗ ಥರ್ಮೋಸ್ಟಾಟ್ ಐತೋ ಇಲ್ಲೋ?” ಇಲ್ಲ ಎಂದರೆ, ಅದನ್ನು ಕೀಳಿಸಿದ ದಿನ ಗಾಡಿಗಿದ್ದ ರೋಗ ಯಾವುದೆಂದು ಮೊದಲು ಹುಡುಕಿಸಿ.