ಕರಜಗಿ: ಹೆಸರು ಎಲ್ಲರದು, ಒಲೆ ಅವರವರದು

ಕರಜಗಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಹೋಬಳಿ ಊರು. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಈ ಸೀಮೆಗೆ ಅಕ್ಕಲಕೋಟ, ಸೊಲ್ಲಾಪುರದ ಪೇಟೆಗಳೂ ಬಳಕೆಯವೇ. ಎರೆಹೊಲದಲ್ಲಿ ತೊಗರಿ, ಹಿಂಗಾರಿಗೆ ಬಿಳಿಜೋಳ, ಭೀಮೆಯ ನೀರು ಹತ್ತಿದ ಕಡೆ ಕಬ್ಬು. ನೆಲ ಇಷ್ಟು ಕೊಟ್ಟರೂ 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅಫಜಲಪುರವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಅದಾದ ಹತ್ತು ವರ್ಷಕ್ಕೆ ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮು ಬಂತು, ಪ್ರದೇಶಕ್ಕೊಂದು ಅಭಿವೃದ್ಧಿ ಮಂಡಳಿಯೂ ಆಯಿತು. ಆದರೂ ಈ ಭಾಗದ ಬಡ ಓಣಿಗಳ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವುದು ನಿಂತಿಲ್ಲ. ಬೆಳೆ ಚೀಲದಲ್ಲೇ ಊರು ಬಿಡುತ್ತದೆ. ಅದನ್ನು ಹಸನು ಮಾಡಿ, ಬೀಸಿ, ಬೇಯಿಸಿ, ಕಟ್ಟಿ ಮಾರುವ ದುಡಿಮೆಯೂ ಲಾಭವೂ ಬೇರೆಯವರ ಪಾಲಾಗುತ್ತವೆ. ಕೂಲಿ ಬಿಟ್ಟರೆ ಓಣಿಯಲ್ಲಿ ಉಳಿಯುವಂಥದ್ದು ಹೆಚ್ಚೇನಿಲ್ಲ.

ಇಂಥ ಊರಿಗೆ ಸಣ್ಣ ಉದ್ಯಮ ತರಬೇಕೆಂದಾಗ ಮೊದಲು ಸೂಚಿಸುವ ದಾರಿ ಹೆಸರಾಂತ ಕಂಪನಿಯ ಫ್ರಾಂಚೈಸಿ. ಠೇವಣಿ ಕಟ್ಟಿ, ಅವರ ಬೋರ್ಡು ಹಾಕಿ, ಅವರ ಮಾಲು ತರಿಸಿ ಮಾರುವುದು. ಈ ಪದ್ಧತಿಯನ್ನು ಹಳಿಯಬೇಕಿಲ್ಲ. ಹೊಸ ವ್ಯಾಪಾರಿಗೆ ಸಿಗದ ನಾಲ್ಕು ಸಂಗತಿಗಳನ್ನು, ಅಂದರೆ ನಂಬಿಕೆಯ ಹೆಸರು, ಒಂದೇ ಹದದ ಸರಕು, ಪ್ಯಾಕಿಂಗು, ಗಿರಾಕಿಯನ್ನು ಅದು ಒಟ್ಟಿಗೇ ಒದಗಿಸುತ್ತದೆ. ತೊಡಕಿರುವುದು ಹಣದ ಹರಿವಿನಲ್ಲಿ. ಸರಕು ಹೊರಗಿನದು, ಶುಲ್ಕ ಹೋಗುವುದು ಹೊರಗೆ, ಠೇವಣಿ ಕಟ್ಟುವ ತಾಕತ್ತು ಇರುವುದು ಊರಿನ ಉಳ್ಳವರಿಗೆ. ಬಡ ಓಣಿಯವರಿಗೆ ಸಿಗುವುದು ಹೆಚ್ಚೆಂದರೆ ಆ ಅಂಗಡಿಯಲ್ಲೊಂದು ಸಂಬಳ. ಆ ನಾಲ್ಕೂ ಅನುಕೂಲಗಳನ್ನು ಉಳಿಸಿಕೊಂಡು ಒಡೆತನವನ್ನು ಮಾತ್ರ ದುಡಿಯುವವರ ಕೈಗೆ ಕೊಡಲು ಸಾಧ್ಯವೇ? ಸಾಧ್ಯ ಎಂಬುದಕ್ಕೆ ಕಲಬುರಗಿ ಜಿಲ್ಲೆಯಲ್ಲೇ ಆಧಾರವಿದೆ.

ಜಿಲ್ಲಾಡಳಿತ ಸ್ವಸಹಾಯ ಸಂಘದ ಮಹಿಳೆಯರನ್ನು ಸೇರಿಸಿ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಬ್ರ್ಯಾಂಡ್ ಕಟ್ಟಿತು. 2025ರ ಜೂನ್‌ನ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿ ಇದನ್ನು ಪ್ರಸ್ತಾಪಿಸಿ, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ ಎಂದರು. ಇದರ ಹಿಂದಿನ ತತ್ವ ಹಳೆಯದು. 1959ರಲ್ಲಿ ಮುಂಬೈಯ ಏಳು ಮಹಿಳೆಯರು 80 ರೂಪಾಯಿ ಸಾಲದಲ್ಲಿ ಶುರುಮಾಡಿದ ಲಿಜ್ಜತ್ ಹಪ್ಪಳದಲ್ಲೂ ಹಿಟ್ಟಿನ ಹದ ಒಂದೇ, ಹೆಸರು ಒಂದೇ; ಲಟ್ಟಿಸುವುದು ಅವರವರ ಮನೆಯಲ್ಲಿ, ಲಟ್ಟಿಸುವ ಪ್ರತಿಯೊಬ್ಬಳೂ ಸಂಸ್ಥೆಯ ಪಾಲುದಾರಳು. ನಮ್ಮ ನಂದಿನಿಯೂ ಇದೇ ಜಾತಿಯದು. ಮಳಿಗೆ ಯಾರೇ ನಡೆಸಲಿ, ಹೆಸರು ಹಾಲು ಹಾಕುವವರ ಒಕ್ಕೂಟದ್ದು.

ರೊಟ್ಟಿಗೆ ಹಪ್ಪಳಕ್ಕಿಲ್ಲದ ಇನ್ನೊಂದು ಗುಣವಿದೆ. ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟು ಇಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವ ಬಿಸಿಯಲ್ಲೇ ನಾದಿದರೆ ಜಿಗಿ ಬರುತ್ತದೆ. ಆಮೇಲೆ ಒಣಹಿಟ್ಟು ಹಾಕಿ ಅಂಗೈಯಿಂದ ಸುತ್ತ ತಿರುವುತ್ತ ಬಡಿಯಬೇಕು, ಹಂಚಿನ ಮೇಲೆ ಹಾಕಿ ಮೇಲ್ಮೈಗೆ ತೊಯ್ದ ಬಟ್ಟೆ ಆಡಿಸಬೇಕು, ನೀರು ಆರುವ ಹೊತ್ತು ನೋಡಿ ಮಗುಚಬೇಕು. ಬೀಸಿ ಬಹಳ ದಿನ ಇಟ್ಟ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ಆದ್ದರಿಂದ ಗಿರಣಿ ಒಲೆಗೆ ಹತ್ತಿರವೇ ಇರಬೇಕು, ಒಲೆ ಜೋಳದ ಸೀಮೆಯಲ್ಲೇ ಇದ್ದರೆ ಲೇಸು. ಈ ಕಸಬನ್ನು ದೂರದ ದೊಡ್ಡ ಕಾರ್ಖಾನೆ ಸುಲಭವಾಗಿ ಎತ್ತಿಕೊಂಡು ಹೋಗಲಾರದು. ಕರಜಗಿಯಂಥ ಊರಿಗೆ ಇದು ದೊಡ್ಡ ಬಲ. ರೊಟ್ಟಿಯ ಜೊತೆಗೇ ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ಬರುತ್ತವೆ. ಗಿರಣಿಯವನಿಗೆ, ಪ್ಯಾಕಿಂಗ್ ಮಾಡುವವರಿಗೆ, ಟಂಟಂ ಹೊಡೆಯುವವನಿಗೆ ಕೆಲಸ ಸಿಗುತ್ತದೆ.

ಕೊಳ್ಳುವವರಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆಮನೆಯಲ್ಲೂ ರೊಟ್ಟಿ ಬಡಿಯುವ ಊರಲ್ಲಿ ರೊಟ್ಟಿ ಮಾರಿ ಬದುಕಲಾಗದು. ಆದರೆ ಇದೇ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತ ಭಕ್ತರು ಮಹಾರಾಷ್ಟ್ರದಿಂದ ವರ್ಷವಿಡೀ ಬರುತ್ತಾರೆ. ಕಲಬುರಗಿಯ ಹಾಸ್ಟೆಲ್‌ಗಳು, ಖಾನಾವಳಿಗಳು ಇವೆ. ಬಿಸಿ ರೊಟ್ಟಿ ಅವತ್ತಿನದು ಅವತ್ತೇ ಹೋಗಬೇಕು, ನಿಜ. ಆದರೆ ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಗುಳೆ ಹೋದವರು ಇರುವ ನಗರಗಳಿಗೇ ಅದನ್ನು ಕಳಿಸಬಹುದು. ಪಕ್ಕದ ಸೊಲ್ಲಾಪುರ ತನ್ನ ಕಡಕ್ ಭಾಕರಿಗೂ ಶೇಂಗಾ ಚಟ್ನಿಗೂ ಹೀಗೇ ಪೇಟೆ ಮಾಡಿಕೊಂಡಿದೆ. ಆ ಜಿಲ್ಲೆಯ ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. 2019ರಲ್ಲಿ ಕಲಬುರಗಿ ತೊಗರಿಗೂ ಅದು ದೊರೆಯಿತು, ಆದರೆ ಬೇಳೆ ಮಾಡುವ ಮಿಲ್ಲಿಗೆ ಬೇಕಾದಷ್ಟು ಬಂಡವಾಳ ಬಡ ಓಣಿಯಲ್ಲಿ ಹುಟ್ಟದು. ರೊಟ್ಟಿಗೆ ಬೇಕಾದ್ದು ಅಷ್ಟಿಲ್ಲ. 2020ರಲ್ಲಿ ಆರಂಭವಾದ ಕಿರು ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35 ಸಬ್ಸಿಡಿಗೆ ರಾಜ್ಯ ಶೇ 15 ಸೇರಿಸುತ್ತದೆ. ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲ ಬಂಡವಾಳಕ್ಕೂ ಅವಕಾಶವಿದೆ.

ಅಧಿಕಾರಿ ವರ್ಗವಾದ ಮೇಲೆ ಬ್ರ್ಯಾಂಡೂ ಮೂಲೆ ಸೇರುತ್ತದೆ ಎನ್ನುವವರ ಅಂಜಿಕೆ ಸುಳ್ಳಲ್ಲ. ಹೆಸರಿನ ಹಕ್ಕು ಕಚೇರಿಯ ಕಡತದಲ್ಲಿ ಇರುವತನಕ ಆ ಅಂಜಿಕೆ ಇರುತ್ತದೆ. ಆ ಹೆಸರು ರೊಟ್ಟಿ ಮಾಡುವವರದೇ ಸಹಕಾರಿ ಸಂಘದ ಆಸ್ತಿಯಾದರೆ ಅದನ್ನು ಕಾಯುವವರು ಹುಟ್ಟುತ್ತಾರೆ. ಬೆಂಕಿಯ ಮುಂದೆ ಕೂತು ಬೆನ್ನು ಮುರಿಯುವ ದುಡಿಮೆಯನ್ನೇ ಉದ್ಯಮವೆಂದು ಹೊಗಳುತ್ತಿದ್ದೀರಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ನಾದುವ, ಒತ್ತುವ ಯಂತ್ರ ಬರಲೇಬೇಕು. ಅದು ಸಂಘದ್ದಾಗಿ ಬಂದರೆ ಉಳಿದ ಹೊತ್ತು ಹೆಣ್ಣುಮಕ್ಕಳಿಗೆ ದಕ್ಕುತ್ತದೆ, ಸಾಹುಕಾರನದಾಗಿ ಬಂದರೆ ಕೆಲಸವೇ ಹೋಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಜಾತಿ. ದಲಿತ ಮಹಿಳೆ ಬೇಯಿಸಿದ ಬಿಸಿಯೂಟವನ್ನು ಮಕ್ಕಳು ಉಣ್ಣದಂತೆ ತಡೆದ ಸುದ್ದಿಗಳು ನಮ್ಮ ರಾಜ್ಯದವೇ. ಒಂದೇ ಹೆಸರಿನ ಪೊಟ್ಟಣದ ಮೇಲೆ ಬಡಿದವಳ ಓಣಿ ಯಾವುದೆಂದು ಬರೆದಿರುವುದಿಲ್ಲ. ಸ್ವಂತ ಬೋರ್ಡು ಹಾಕಿದರೆ ಊರಿನ ಗಿರಾಕಿ ಸಿಗದವಳಿಗೂ ಆ ಪೊಟ್ಟಣದಿಂದ ದೂರದ ಗಿರಾಕಿ ಸಿಗುತ್ತಾನೆ. ಇದನ್ನು ಜಾತಿಯ ಸೋಲು ಎನ್ನಲಾಗದು, ಅದರ ಕಣ್ಣು ತಪ್ಪಿಸುವುದಷ್ಟೇ. ಹಾಗಾಗಿ ಕರಜಗಿಯಲ್ಲಿ ಇಂಥ ರೊಟ್ಟಿ ಕೇಂದ್ರ ತೆರೆಯುವಾಗ ಕಟ್ಟಡ ಯಾವ ಓಣಿಯಲ್ಲಿ ಏಳುತ್ತದೆ, ಸಂಘದ ಪುಸ್ತಕದಲ್ಲಿ ಯಾರ ಹೆಸರಿದೆ, ಹಿಟ್ಟು ನಾದುವ ಪರಾತಕ್ಕೆ ಯಾರ ಕೈ ಹತ್ತುತ್ತದೆ, ಚೆಕ್ಕಿಗೆ ಯಾರು ಸಹಿ ಹಾಕುತ್ತಾರೆ ಎಂಬುದನ್ನು ಸಬ್ಸಿಡಿ ಮಂಜೂರು ಮಾಡುವ ಮೊದಲೇ ಕೇಳಬೇಕು.