ಕಾವಲುನಾಯಿಗೆ ಹಣ್ಣು: ಕೊಡತಕ್ಕವು ಮತ್ತು ಕೊಡಬಾರದವು

ಹೊಲ, ತೋಟ, ಕುರಿಹಟ್ಟಿಗಳ ಕಾವಲಿಗೆ ನಾಯಿಯು ಎಷ್ಟು ಉಪಯುಕ್ತವೆಂಬುದನ್ನು ರೈತರಿಗೆ ವಿವರಿಸಬೇಕಾದುದಿಲ್ಲ. ಆದರೆ ಎತ್ತು, ಹಸುಗಳ ಮೇವಿನಲ್ಲಿ ಬಹಳ ಎಚ್ಚರಿಕೆ ವಹಿಸುವ ಜಮೀನುದಾರರು ಸಹ ನಾಯಿಯ ಆಹಾರದಲ್ಲಿ ಅಷ್ಟು ಲಕ್ಷ್ಯವಿಡುವುದಿಲ್ಲ. ಹಣ್ಣಿನ ಸುಗ್ಗಿಯಲ್ಲಿ ಅದಕ್ಕೂ ಒಂದು ತುಂಡು ಎಸೆಯುವುದು ವಾಡಿಕೆ. ಇದು ತಪ್ಪಲ್ಲ, ಆದರೆ ಮನುಷ್ಯನಿಗೆ ಹಿತವಾದ ಹಣ್ಣುಗಳೆಲ್ಲವೂ ನಾಯಿಗೆ ಹಿತವಲ್ಲ. ಕೆಲವು ಪ್ರಾಣಾಪಾಯವನ್ನೇ ಉಂಟುಮಾಡತಕ್ಕವು.

ದ್ರಾಕ್ಷಿ ಮತ್ತು ಹುಣಸೆ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ದ್ರಾಕ್ಷಿಯ ವಿಷಯ. ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ತಿಂದ ನಾಯಿಗಳ ಮೂತ್ರಪಿಂಡಗಳು ಕೆಡುವುವೆಂದು ಅಮೆರಿಕಾ ದೇಶದ ಪಶುವೈದ್ಯರು 2001ರಲ್ಲಿ ಪ್ರಕಟಿಸಿದರು. ಇದಕ್ಕೆ ಆ ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಾಗಿರಬೇಕೆಂಬ ಅಭಿಪ್ರಾಯವು 2021ರಲ್ಲಿ ಹೊರಬಂದಿತು. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲದ್ದು. ಹುಣಸೆ ತಿಂದ ನಾಯಿಗಳಲ್ಲಿಯೂ ಅದೇ ವ್ಯಾಧಿಯು ಕಂಡುಬಂದಿದೆ. ಎಷ್ಟು ತಿಂದರೆ ಅಪಾಯವಿಲ್ಲವೆಂಬುದಕ್ಕೆ ನಿಶ್ಚಿತವಾದ ಪ್ರಮಾಣವಿಲ್ಲ. ಆದುದರಿಂದ ಸ್ವಲ್ಪವನ್ನೂ ಕೊಡಕೂಡದು. ಮುಧೋಳದ ಬೇಟೆನಾಯಿಯಾಗಲಿ ಊರನಾಯಿಯಾಗಲಿ, ನಿಯಮವು ಒಂದೇ. ಹುಳಿಯನ್ನ, ಸಾರನ್ನಗಳನ್ನು ನಾಯಿಗೆ ಹಾಕದಿರುವುದು ಲೇಸು. ಅವುಗಳಲ್ಲಿನ ಈರುಳ್ಳಿ, ಬೆಳ್ಳುಳ್ಳಿಗಳು ಸಹ ನಾಯಿಯ ರಕ್ತವನ್ನು ಕೆಡಿಸತಕ್ಕವು.

ರೋಗಲಕ್ಷಣಗಳು ಹೀಗಿವೆ: ತಿಂದ 24 ಗಂಟೆಗಳೊಳಗಾಗಿ ವಾಂತಿ, ಬಳಿಕ ಮಂಕು, ಆಹಾರದಲ್ಲಿ ಅರುಚಿ, ಒಂದರಿಂದ ಮೂರು ದಿನಗಳೊಳಗೆ ಮೂತ್ರವು ಕಡಿಮೆಯಾಗಿ, ಕಡೆಗೆ ನಿಂತೇಹೋಗಬಹುದು. ಆ ಸ್ಥಿತಿಗೆ ಬಂದ ನಾಯಿಯು ಬದುಕುವುದು ದುರ್ಲಭ. ಲಕ್ಷಣಗಳು ಕಾಣುವವರೆಗೆ ಕಾಯದೆ, ತಿಂದುದು ಗೊತ್ತಾದೊಡನೆಯೇ ಪಶುವೈದ್ಯರಲ್ಲಿಗೆ ಒಯ್ದು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ತಿಳಿಸಬೇಕು. ವಾಂತಿ ಮಾಡಿಸಲೆಂದು ಮನೆಯಲ್ಲಿ ಉಪ್ಪುನೀರು ಕುಡಿಸುವುದು ಅಪಾಯಕರ.

ಕೊಡಬಹುದಾದ ಹಣ್ಣುಗಳು

ಬಾಳೆ, ಸೀಬೆ, ಪರಂಗಿ, ಮಾವು, ಕಲ್ಲಂಗಡಿ, ಸೇಬು, ಇವುಗಳ ಮಾಗಿದ ತಿರುಳನ್ನು ಕೊಡಬಹುದು. ಸಿಪ್ಪೆಯನ್ನೂ ಬೀಜವನ್ನೂ ತೆಗೆದು, ಸಣ್ಣ ಹೋಳುಗಳಾಗಿ ಹೆಚ್ಚಿ ಹಾಕಬೇಕು. ಮಾವಿನ ಓಟೆಯನ್ನು ನಾಯಿಯು ಇಡಿಯಾಗಿ ನುಂಗಿದರೆ ಅದು ಕರುಳಿಗೆ ಅಡ್ಡವಾಗಿ, ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯಬೇಕಾಗುವುದುಂಟು. ಸೀತಾಫಲದ ಬೀಜವು ವಿಷಯುಕ್ತವಾದುದು. ಕೊಡಗು ಮೊದಲಾದ ಕಡೆ ಬೆಳೆಯುವ ಬೆಣ್ಣೆಹಣ್ಣನ್ನು, ಅದರ ಅತಿಯಾದ ಜಿಡ್ಡಿನ ಮತ್ತು ದೊಡ್ಡ ಬೀಜದ ದೆಸೆಯಿಂದ, ಕೊಡದಿರುವುದೇ ಮೇಲು. ಮರದಡಿ ಬಿದ್ದು ಹುಳಿತ ಹಣ್ಣು, ಬೂಷ್ಟು ಹಿಡಿದ ಹಣ್ಣು, ಆಗತಾನೆ ಔಷಧಿ ಸಿಂಪಡಿಸಿದ ಹಣ್ಣು, ಇವು ಯಾವುವೂ ನಾಯಿಗೆ ಸಲ್ಲವು.

ಹಣ್ಣು ನಾಯಿಗೆ ಊಟವಲ್ಲ, ಬರಿಯ ಉಪಾಹಾರ. ದಿನದ ಆಹಾರದ ಹತ್ತರಲ್ಲೊಂದು ಪಾಲನ್ನು ಅದು ಮೀರಬಾರದು. ಸಣ್ಣ ನಾಯಿಗೆ ಎರಡು ಮೂರು ಹೋಳು ಸಾಕು. ಹೊಸ ಹಣ್ಣನ್ನು ಮೊದಲು ಒಂದೇ ಹೋಳು ಕೊಟ್ಟು, ಭೇದಿಯಾಗುವುದೋ ಎಂದು ನೋಡಿಕೊಳ್ಳುವುದು ಜಾಣತನ.

ಮುಖಂಡರು ಮಾಡತಕ್ಕುದು

ವಿಜಯಪುರ ಜಿಲ್ಲೆಯಲ್ಲಿ ಒಣದ್ರಾಕ್ಷಿಯ ತಯಾರಿಕೆಯು ಹೇರಳವಾಗಿ ನಡೆಯುತ್ತದೆ. ಅಂಥ ಕಡೆ ಒಣಗುವ ಚಪ್ಪರಗಳ ಕೆಳಗೆ ಉದುರಿದುದನ್ನು ದಿನವೂ ಗುಡಿಸಿ ತೆಗೆಸಬೇಕು. ಆ ಕಾಲದಲ್ಲಿ ನಾಯಿಯನ್ನು ಹೊರಗೆ ಕಟ್ಟಿಹಾಕಬೇಕು. ಹುಣಸೆ ಕುಟ್ಟಿ ಬೀಜ ತೆಗೆಯುವ ಅಂಗಳಗಳಲ್ಲಿಯೂ ಇದೇ ಕ್ರಮವು ಅವಶ್ಯ. ನಾಯಿಗೆ ಪ್ರೀತಿಯಿಂದ ದ್ರಾಕ್ಷಿ ತಿನ್ನಿಸುವವರು ಸಾಮಾನ್ಯವಾಗಿ ಮಕ್ಕಳು. ಆದುದರಿಂದ ಗ್ರಾಮದ ಮುಖಂಡರು ಈ ಸಂಗತಿಯನ್ನು ತೋಟದ ಆಳುಗಳಿಗೂ ಶಾಲೆಯ ಮಕ್ಕಳಿಗೂ ತಿಳಿಯಹೇಳಬೇಕು. ಇದಕ್ಕೆ ಹಣದ ಖರ್ಚಿಲ್ಲ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಬೆಳೆಯನ್ನು ಕಾಯುವ ಪ್ರಾಣಿಯೊಂದು ಇದರಿಂದ ಉಳಿಯುತ್ತದೆ.