ಪಾರಿಜಾತದ ಸೀಮೆಯಲ್ಲಿ ಬಣ್ಣದ ಬ್ರಷ್ಷು

ಮುಖಕ್ಕೆ ಬಣ್ಣ ಹಚ್ಚುವುದು ಬ್ಯೂಟಿ ಪಾರ್ಲರುಗಳ ಜೊತೆ ಗೋಕಾಕ ಸೀಮೆಗೆ ಬಂದ ವಿದ್ಯೆಯಲ್ಲ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಹಿಗ್ಗಿಸಿ ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇದೇ ಸೀಮೆಯ, ಈಗಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಗಂಡಸರೇ ಸತ್ಯಭಾಮೆ, ರುಕ್ಮಿಣಿಯರಾಗುತ್ತಿದ್ದ ಆ ರಂಗಕ್ಕೆ ಹೆಣ್ಣುಮಕ್ಕಳು ಬರಲು ಹಾದಿ ಮಾಡಿದವರು ಕೌಜಲಗಿ ನಿಂಗಮ್ಮ. ರಾತ್ರಿಯಿಡೀ ನಡೆಯುವ ಆಟ. ಹಾಡಿ, ಕುಣಿದು, ಬೆವತು ಬೆಳಗಾದರೂ ಬಣ್ಣ ಇಳಿಯಬಾರದು.

ಹಳೆಯ ಬಯಲಾಟದವರು ಸಫೇದ, ಅರದಾಳ, ಇಂಗಳೀಕ, ಮುರ್ದಾಸಿಂಗಿಯೆಂಬ ಬಣ್ಣದ ಪುಡಿಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬೆರಳು, ಅಂಗೈಗಳಿಂದಲೇ ಸವರಿಕೊಳ್ಳುತ್ತಿದ್ದರು. ಹುಬ್ಬು, ಮೀಸೆ, ನಾಮ ತೀಡಲಿಕ್ಕೆ ಮಾತ್ರ ಕಡ್ಡಿ. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ, ಮುರ್ದಾಸಿಂಗಿಯಲ್ಲಿ ಸೀಸವಿದೆ. ಎಷ್ಟು ಕಲಾವಿದರ ಚರ್ಮ ಆ ವಿಷವನ್ನು ಉಂಡಿತೋ! ಆ ಬಣ್ಣಗಳನ್ನು ಬಿಟ್ಟದ್ದು ಒಳ್ಳೆಯದಾಯಿತು. ಅವರ ತಿಳಿವಳಿಕೆ ಮಾತ್ರ ಇಂದಿಗೂ ಬೇಕು: ಒಂದೊಂದು ಕೆಲಸಕ್ಕೆ ಒಂದೊಂದು ಸಾಧನ.

ಬ್ರಷ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಇದನ್ನೇ: ಹಸಿ ಬಣ್ಣಕ್ಕೋ, ಪುಡಿಗೋ? ಫೌಂಡೇಶನ್, ಕ್ರೀಮಿನಂಥ ಹಸಿ ಬಣ್ಣಕ್ಕೆ ಸಿಂಥೆಟಿಕ್ ಎಳೆಯ, ಒತ್ತಾಗಿ ಕಟ್ಟಿದ ಬ್ರಷ್ ಆಗಬೇಕು. ನೈಲಾನಿನ ನುಣುಪು ಎಳೆ ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ಆಡಿನ ಕೂದಲಿಗೆ ಪದರ ಪದರವಾದ ಮೈ ಇರುವುದರಿಂದ ಅದು ಪುಡಿಯನ್ನು ಹಿಡಿದು ಹದವಾಗಿ ಬಿಡುತ್ತದೆ, ಹಸಿ ಬಣ್ಣವನ್ನಾದರೆ ಕುಡಿದು ಕೂಡುತ್ತದೆ. ಈಗ ಅಗ್ಗದ ಸಿಂಥೆಟಿಕ್ ಬ್ರಷ್ಷುಗಳೇ ಎಷ್ಟೋ ಸುಧಾರಿಸಿವೆ, ಪುಡಿಗೂ ಸಾಕಾಗುತ್ತವೆ. ಹುಕ್ಕೇರಿಯ ಬಳೆ ಅಂಗಡಿಯಲ್ಲಿ 24 ಬ್ರಷ್ಷಿನ ಸೆಟ್ಟು ಕಂಡು ಮರುಳಾಗುವುದು ಬೇಡ. ಫೌಂಡೇಶನ್ನಿಗೊಂದು, ಪುಡಿಗೊಂದು ದೊಡ್ಡದು, ಕಣ್ಣಿನ ರೆಪ್ಪೆಗೊಂದು, ಗೆರೆಗೊಂದು: ನಾಲ್ಕರಲ್ಲಿ ಮದುಮಗಳ ಮುಖವೂ ಮುಗಿಯುತ್ತದೆ.

ಗೆರೆಯ ಬ್ರಷ್ಷಿಗೆ ನಾನು ಸೂಚಿಸುವುದು ಚಿತ್ರಕಲೆಯ ಸಾಮಾನಿನ ಅಂಗಡಿಯನ್ನು. ಗೋಕಾಕದ ಕಟ್ಟಿಗೆ ಗೊಂಬೆಗೆ ಕಣ್ಣು ಬರೆಯಲು ಬೇಕಾದಂಥದೇ ಚೂಪು ತುದಿ ಕಣ್ಣಂಚಿಗೂ ಬೇಕು. ಸೊನ್ನೆ ಅಥವಾ ಒಂದನೇ ನಂಬರಿನ ಸಿಂಥೆಟಿಕ್ ಕುಂಚ, ಬಳಸದ ಹೊಸದು, ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಲಿ ಯಾರಾದರೂ ಮುಂಗುಸಿ ಕೂದಲಿನದು ಉತ್ತಮ ಎಂದು ಮುಂದೆ ಚಾಚಿದರೆ ಮುಟ್ಟಬೇಡಿ. ತುದಿ, ಬುಡ ಕಪ್ಪುಗಂದು, ನಡುವೆ ಕೆನೆಬಣ್ಣ ಅದರ ಗುರುತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ಬ್ರಷ್ಷಿಗೇ ಹೆಸರಾದ ಉತ್ತರ ಪ್ರದೇಶದ ಶೇರ್‌ಕೋಟ್‌ನಲ್ಲೂ ಇಂಥ ಮಾಲಿಗಾಗಿ ದಾಳಿಗಳು ನಡೆದಿವೆ. ಒಂದು ಗೆರೆಗಾಗಿ ಒಂದು ಜೀವ ಹೋಗುವ ಬಣ್ಣಗಾರಿಕೆ ನಮಗೆ ಬೇಡವೇ ಬೇಡ.

ಬೆಲೆ ನೋಡುವ ಮುಂಚೆ ಬ್ರಷ್ಷನ್ನು ಅಂಗೈ ಹಿಂಬದಿಗೆ ಒತ್ತಿ ತಿರುಗಿಸಿ. ಚುಚ್ಚಿದರೆ ಎಳೆಯ ತುದಿಯನ್ನು ಕತ್ತರಿಸಿ ಸಮ ಮಾಡಿದ್ದಾರೆಂದು ತಿಳಿಯಿರಿ; ಅದು ಕೆನ್ನೆಯ ಮೇಲೆ ಗೀರು ಬಿಡುತ್ತದೆ. ಮೆಲ್ಲಗೆ ಎಳೆದಾಗ ನಾಲ್ಕಾರು ಎಳೆ ಕೈಗೆ ಬಂದರೆ, ಲೋಹದ ಕೊರಳು ಹಿಡಿಕೆಯ ಮೇಲೆ ಅಲ್ಲಾಡಿದರೆ, ವಾಪಸ್ ಇಟ್ಟುಬಿಡಿ.

ಅಗ್ಗದ ಬ್ರಷ್ಷು ಬೇಗ ಸಾಯುವುದು ಹೆಚ್ಚಾಗಿ ತೊಳೆಯುವ ಕಲ್ಲಿನ ಮೇಲೆ. ಎಣ್ಣೆಬಣ್ಣ ನೀರಿಗೆ ಬಿಡುವುದಿಲ್ಲ. ಮೊದಲು ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ತಿಕ್ಕಿ, ಆಮೇಲೆ ಶಾಂಪೂ ಹಾಕಿ, ತುದಿ ಕೆಳಮುಖವಾಗಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. ನೀರು ಕೊರಳಿಗೆ ಇಳಿದರೆ ಒಳಗಿನ ಅಂಟು ಬಿಡುತ್ತದೆ, ಎಳೆ ಉದುರುತ್ತದೆ. ಲೋಟದಲ್ಲಿ ನಿಲ್ಲಿಸದೆ ಬಟ್ಟೆಯ ಮೇಲೆ ಮಲಗಿಸಿ ನೆರಳಲ್ಲಿ ಒಣಗಿಸಿ.

ಮದುವೆ ಮನೆಯಲ್ಲಿ, ಶಾಲೆಯ ಗ್ಯಾದರಿಂಗಿನಲ್ಲಿ ಒಂದೇ ಬ್ರಷ್ಷು ಹತ್ತು ಮುಖ ಸುತ್ತುತ್ತದೆ. ಕಣ್ಣುಬೇನೆ ಹರಡಲು ಅಷ್ಟೇ ಸಾಕು, ಆದ್ದರಿಂದ ಕಣ್ಣಿನ ಬ್ರಷ್ಷನ್ನು ಯಾರಿಗೂ ಕೊಡಬಾರದು. ಇನ್ನು ತೊಳೆದ ಮೇಲೆ ಒತ್ತು ಕಟ್ಟಿನ ಬ್ರಷ್ಷು ಪೂರಾ ಒಣಗಲು ಒಂದು ರಾತ್ರಿಯಾದರೂ ಹಿಡಿಯುತ್ತದೆ. ಹಾಗಾಗಿ ಲಗ್ನಸರಾಯಿಯಲ್ಲಿ ದಿನಾ ಕೆಲಸವಿರುವ ಹುಡುಗಿಯರು ಸೆಟ್ಟಿಗೆ ಹಾಕುವ ಹಣದಲ್ಲಿ ಫೌಂಡೇಶನ್ನಿನದೇ ಎರಡು ಕೊಂಡುಕೊಳ್ಳಲಿ.